ಕೊಲ್ಲದಷ್ಟು ಮದ್ದು

(ಶಿರಸಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆ್ಯಂಟಿಬಯೋಟಿಕ್ ಪೂರ್ತಿ ಕೊಟ್ಟರೆ ರೋಗಾಣು ಪೂರ್ತಿ ಸಾಯುತ್ತದೆ, ಅರ್ಧ ಕೊಟ್ಟರೆ ಅರ್ಧ ಸಾಯುತ್ತದೆ, ತೀರ ಸ್ವಲ್ಪ ಕೊಟ್ಟರೆ ಏನೂ ಆಗುವುದಿಲ್ಲ. ನಮ್ಮೆಲ್ಲರ ಮನಸ್ಸಿನಲ್ಲಿ ಇರುವ ಲೆಕ್ಕ ಇದು. ಮಾತ್ರೆ ಉಷ್ಣವೆಂದು ಮುರಿದು ಅರ್ಧ ನುಂಗುವವರು, ಆಕಳಿಗೆ ಒಂದು ಟ್ಯೂಬನ್ನು ಎರಡು ಮೊಲೆಗೆ ಹಂಚುವವರು, ಶುಂಠಿ ಗದ್ದೆಗೆ ಪೊಟ್ಟಣದ ಪುಡಿಯನ್ನು ಅಂದಾಜಿನಲ್ಲಿ ಕಲಸಿ ಹೊಯ್ಯುವವರು, ಎಲ್ಲರೂ ಈ ಲೆಕ್ಕವನ್ನೇ ನಂಬಿದ್ದಾರೆ. ಈ ಲೆಕ್ಕ ತಪ್ಪು. ಕೊಲ್ಲಲು ಸಾಲದಷ್ಟು ಔಷಧ ಬ್ಯಾಕ್ಟೀರಿಯಾದ ಪಾಲಿಗೆ ಸುಮ್ಮನೆ ಹೋಗುವುದಿಲ್ಲ. ಹಲವು ಬ್ಯಾಕ್ಟೀರಿಯಾಗಳು ಅದನ್ನು ಗುರುತಿಸಿ, ನಡೆಯನ್ನೇ ಬದಲಿಸಿ, ಒಟ್ಟಾಗಿ ಅಂಟಿಕೊಂಡು ಕೂರುತ್ತವೆ. ಹಾಗೆ ಕೂತವನ್ನು ಮುಂದೆ ಪೂರ್ತಿ ಪ್ರಮಾಣದಿಂದಲೂ ಎಬ್ಬಿಸುವುದು ಕಷ್ಟ. ಇಂದು ನಾನು ಹೇಳಬೇಕಾದದ್ದು ಇದೊಂದೇ ವಿಷಯ.

ಅಂಟಿಕೊಂಡು ಕೂರುವುದು ಎಂದರೇನು? ಸಹಸ್ರಲಿಂಗದಲ್ಲಿ ಶಾಲ್ಮಲೆಯ ನೀರಿಗೆ ಇಳಿದವರಿಗೆ ಬಂಡೆಯ ಜಾರು ಗೊತ್ತು. ಗುಡ್ಡದ ಒರತೆಯಿಂದ ಮನೆಯಂಗಳಕ್ಕೆ ಅಬ್ಬಿ ನೀರು ತರುವ ಅಡಿಕೆ ದಬ್ಬೆಯ ಒಳಮೈಯನ್ನು ಬೆರಳಿನಿಂದ ಸವರಿದವರಿಗೆ ಆ ಲೋಳೆ ಗೊತ್ತು. ಈಗ ಬಹಳ ಕಡೆ ದಬ್ಬೆಯ ಜಾಗದಲ್ಲಿ ಕರಿ ಪೈಪು ಬಂದಿದೆ, ಒಳಗಿನ ಲೋಳೆ ಹಾಗೆಯೇ ಇದೆ. ಪಾಚಿಯ ಜೊತೆಗೆ ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ತಾವೇ ಸ್ರವಿಸಿದ ಸಕ್ಕರೆಯ ಸರಪಣಿಗಳು, ಪ್ರೋಟೀನು, ಡಿಎನ್ಎ ಸೇರಿ ಆದ ಅಂಟಿನೊಳಗೆ ಅವು ವಾಸವಾಗಿವೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಕೆನಡಾದ ಬೆಟ್ಟದ ತೊರೆಗಳನ್ನು ಪರೀಕ್ಷಿಸಿದ ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರಿಗೆ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾಗಳಿಗಿಂತ ಕಲ್ಲಿಗೆ ಅಂಟಿದವೇ ಬಹಳ ಹೆಚ್ಚು ಕಂಡವು. 1978ರಲ್ಲಿ ಅವರು ಇದನ್ನು ಸಾಮಾನ್ಯ ಓದುಗರಿಗಾಗಿ ಬರೆದ ಮೇಲೆ ವೈದ್ಯರೂ ಈ ಕಡೆ ತಿರುಗಿ ನೋಡಿದರು.

ಆದರೆ ಮೊದಲು ನೋಡಿದವನು ಅದಕ್ಕೂ ಮುನ್ನೂರು ವರ್ಷ ಹಿಂದಿನವನು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಮೇಲಿನ ಬಿಳಿ ಕೊಳೆಯನ್ನು ತಾನೇ ತಯಾರಿಸಿದ ಮಸೂರದಲ್ಲಿ ನೋಡಿ, ಅಲ್ಲಿ ಓಡಾಡುವ ಜೀವಿಗಳಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ವಿನೆಗರ್‌ನಿಂದ ಬಾಯಿ ತೊಳೆದರೆ ಕೊಳೆಯ ಹೊರಗಿನ ಜೀವಿಗಳು ಸಾಯುತ್ತವೆ, ದಪ್ಪ ಪದರದ ಒಳಗಿನವು ಉಳಿಯುತ್ತವೆ ಎಂಬುದನ್ನೂ ಅವನು ಕಂಡುಕೊಂಡ. ದಿನಕ್ಕೆ ನಾಲ್ಕು ಸಲ ಕವಳ ಹಾಕುವ ನಮ್ಮೂರಿನ ಹಿರಿಯರ ಹಲ್ಲಿನ ಸಂದಿಯಲ್ಲೂ ಇದೇ ಪದರ. ಬಯೋಫಿಲ್ಮ್ ಔಷಧಕ್ಕೆ ಜಗ್ಗುವುದಿಲ್ಲ ಎಂಬ ಮಾತಿನ ಬೀಜ ಆ ವಿನೆಗರ್ ಪ್ರಯೋಗದಲ್ಲೇ ಇದೆ.

ಪ್ರಯೋಗಾಲಯದಲ್ಲಿ ಔಷಧದ ಶಕ್ತಿಯನ್ನು ಅಳೆಯುವುದು ಹೀಗೆ: ಪೋಷಕ ದ್ರವ ತುಂಬಿದ ನಳಿಕೆಗಳ ಸಾಲಿನಲ್ಲಿ ಔಷಧದ ಪ್ರಮಾಣವನ್ನು ಒಂದರಿಂದ ಒಂದಕ್ಕೆ ಅರ್ಧಕ್ಕಿಳಿಸುತ್ತ ಹೋಗಿ, ಎಲ್ಲದಕ್ಕೂ ಬ್ಯಾಕ್ಟೀರಿಯಾ ಸೇರಿಸಿ, ಒಂದು ದಿನ ಬೆಚ್ಚಗೆ ಇಡುತ್ತಾರೆ. ದ್ರವ ಕದಡದೆ ತಿಳಿಯಾಗಿ ಉಳಿದ ನಳಿಕೆಗಳಲ್ಲಿ ಅತ್ಯಂತ ಕಡಿಮೆ ಔಷಧ ಇರುವುದು ಯಾವುದೋ ಅದೇ ಕನಿಷ್ಠ ತಡೆ ಪ್ರಮಾಣ. ವೈದ್ಯರು ಬರೆಯುವ ಮಿಲಿಗ್ರಾಂ ಲೆಕ್ಕದ ಹಿಂದೆ ಈ ಅಂಕಿ ಇರುತ್ತದೆ. ಅದು ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾದ ಅಂಕಿ ಎಂಬುದನ್ನು ಮರೆಯಬಾರದು. ಅದೇ ಬ್ಯಾಕ್ಟೀರಿಯಾ ಬಯೋಫಿಲ್ಮ್ ಕಟ್ಟಿಕೊಂಡ ಮೇಲೆ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಔಷಧವನ್ನು ತಾಳಿಕೊಳ್ಳಬಲ್ಲದು. ಅಷ್ಟು ಔಷಧವನ್ನು ದೇಹಕ್ಕೆ ಕೊಡಲು ಬಾರದು, ಮೂತ್ರಪಿಂಡ ಮತ್ತು ಕಿವಿ ಅದಕ್ಕೆ ಮೊದಲೇ ಸೋಲುತ್ತವೆ.

ಕದಡಿದ ನಳಿಕೆಗಳಲ್ಲಿ ಏನಾಯಿತು ಎಂದು ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಔಷಧ ಸೋತಿತು ಎಂದು ಬರೆದು ಬದಿಗಿಡುತ್ತಿದ್ದರು. ಅಮೆರಿಕದ ಸಿಯಾಟಲ್‌ನಲ್ಲಿ ಲ್ಯೂಕಾಸ್ ಹಾಫ್‌ಮನ್ ಮತ್ತು ಸಂಗಡಿಗರು ಆ ಸೋತ ನಳಿಕೆಗಳ ಕಡೆ ನೋಡಿದರು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಟೋಬ್ರಾಮೈಸಿನ್ ಎಂಬ ಔಷಧವನ್ನು ತಡೆ ಪ್ರಮಾಣಕ್ಕಿಂತ ಕಡಿಮೆ ಕೊಟ್ಟಾಗ ನಳಿಕೆಯ ಗೋಡೆಗೆ ಅಂಟಿದ ಬಯೋಫಿಲ್ಮ್ ಹಲವು ಪಟ್ಟು ಹೆಚ್ಚಾಯಿತು. ನಮ್ಮ ಕರುಳಿನ ಇ. ಕೋಲೈ ಕೂಡ ಹೀಗೆಯೇ ಮಾಡಿತು. 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಪ್ರಬಂಧದ ಹೆಚ್ಚುಗಾರಿಕೆ ಮುಂದಿನದು. ಸ್ಯೂಡೊಮೊನಾಸ್‌ನಲ್ಲಿ ಈ ಕೆಲಸಕ್ಕೆ ಬೇಕಾದ ಒಂದು ಜೀನನ್ನು ಅವರು ಗುರುತಿಸಿ ಅದಕ್ಕೆ ಎಆರ್‌ಆರ್ ಎಂದು ಹೆಸರಿಟ್ಟರು. ಆ ಜೀನ್ ಕೆಟ್ಟಿದ್ದ ಬ್ಯಾಕ್ಟೀರಿಯಾ ಕಿರು ಪ್ರಮಾಣದ ಔಷಧ ಕಂಡರೂ ಬಯೋಫಿಲ್ಮ್ ಹೆಚ್ಚಿಸಲಿಲ್ಲ. ಈಜುವುದೋ ಕೂರುವುದೋ ಎಂಬುದನ್ನು ಬ್ಯಾಕ್ಟೀರಿಯಾದೊಳಗೆ ನಿರ್ಧರಿಸುವ ಸೈಕ್ಲಿಕ್ ಡೈ-ಜಿಎಂಪಿ ಎಂಬ ಪುಟ್ಟ ಅಣುವಿನ ಏರಿಳಿತಕ್ಕೂ ಈ ಜೀನಿಗೂ ನಂಟಿದೆ. ಅಂದರೆ ಔಷಧದ ಏಟಿಗೆ ಸಿಕ್ಕಿ ದಿಕ್ಕುಗೆಟ್ಟು ಅಂಟಿಕೊಂಡದ್ದಲ್ಲ ಅದು. ಕಿರು ಪ್ರಮಾಣಕ್ಕೆ ಉತ್ತರ ಕೊಡುವ ಏರ್ಪಾಡು ಅದರ ಮೈಯಲ್ಲೇ ಇದೆ.

ಎರಡನೆಯ ಪ್ರಯೋಗ ನಮ್ಮ ಕೊಟ್ಟಿಗೆಗೆ ಇನ್ನೂ ಹತ್ತಿರದ್ದು. ಅಮೆರಿಕದವರೇ ಆದ ಜೆಫ್ರಿ ಕಪ್ಲಾನ್ ಮತ್ತು ಸಂಗಡಿಗರು 2012ರಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ಕುಲದ ಔಷಧಗಳನ್ನು ಕಿರು ಪ್ರಮಾಣದಲ್ಲಿ ಕೊಟ್ಟು ನೋಡಿದರು. ಕೆಲವು ತಳಿಗಳಲ್ಲಿ ಬಯೋಫಿಲ್ಮ್ ಹತ್ತು ಪಟ್ಟಿನವರೆಗೆ ಬೆಳೆಯಿತು. ಪೆನಿಸಿಲಿನ್ ಕುಲದ ಔಷಧ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕೆಡಿಸುತ್ತದೆ. ಪ್ರಮಾಣ ಸಾಲದಾದಾಗ ಒಂದಷ್ಟು ಬ್ಯಾಕ್ಟೀರಿಯಾಗಳು ತಮ್ಮದೇ ಗೋಡೆ ಕರಗಿಸುವ ಕಿಣ್ವದಿಂದ ಒಡೆದುಹೋಗುತ್ತವೆ, ಒಳಗಿನ ಡಿಎನ್ಎ ನೂಲಿನಂತೆ ಹೊರಚೆಲ್ಲುತ್ತದೆ. ಉಳಿದವು ಆ ನೂಲಿಗೆ ಅಂಟಿಕೊಂಡು ಒಟ್ಟಾಗುತ್ತವೆ. ಅರ್ಧ ಮದ್ದಿಗೆ ಸತ್ತವು ಉಳಿದವರ ಮನೆಗೆ ಗಾರೆಯಾದವು. ಡಿಎನ್ಎ ತುಂಡರಿಸುವ ಕಿಣ್ವ ಹಾಕಿದರೆ ಈ ಗೂಡು ಕಟ್ಟುವುದಿಲ್ಲ ಎಂಬುದನ್ನೂ ಅವರು ತೋರಿಸಿದರು.

ಇಲ್ಲೊಂದು ಎಚ್ಚರದ ಮಾತು ಹೇಳದೆ ಮುಂದೆ ಹೋಗಲಾರೆ. ಎಲ್ಲ ಔಷಧವೂ ಎಲ್ಲ ಬ್ಯಾಕ್ಟೀರಿಯಾದಲ್ಲೂ ಹೀಗೆ ಮಾಡುವುದಿಲ್ಲ. ಅಜಿಥ್ರೋಮೈಸಿನ್‌ನ ಕಿರು ಪ್ರಮಾಣ ಸ್ಯೂಡೊಮೊನಾಸ್‌ನ ಬಯೋಫಿಲ್ಮನ್ನು ತಗ್ಗಿಸಬಲ್ಲದು. ಶ್ವಾಸಕೋಶದ ಒಂದು ಆನುವಂಶಿಕ ಕಾಯಿಲೆಯಲ್ಲಿ ಆ ಔಷಧವನ್ನು ವೈದ್ಯರು ತಿಂಗಳುಗಟ್ಟಲೆ ಕೊಡುವುದೂ ಇದೆ. ಒಂದೇ ಔಷಧಕ್ಕೆ ಒಂದೇ ಜಾತಿಯ ಎರಡು ತಳಿಗಳು ಬೇರೆ ಬೇರೆ ಉತ್ತರ ಕೊಡುವುದೂ ಉಂಟು. ನಳಿಕೆಯಲ್ಲಿ ಕಂಡದ್ದೆಲ್ಲ ದೇಹದಲ್ಲಿ ಅಷ್ಟೇ ಮಟ್ಟಿಗೆ ನಡೆಯುತ್ತದೆ ಎನ್ನುವಂತೆಯೂ ಇಲ್ಲ. ಆದರೆ ಇಷ್ಟು ಬಗೆಯ ಔಷಧ, ಇಷ್ಟು ಬಗೆಯ ಬ್ಯಾಕ್ಟೀರಿಯಾಗಳಲ್ಲಿ ಮತ್ತೆ ಮತ್ತೆ ಕಂಡ ಮೇಲೆ ಇದನ್ನು ಪ್ರಯೋಗಾಲಯದ ಸೋಜಿಗವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬ್ಯಾಕ್ಟೀರಿಯಾಕ್ಕೆ ಈ ಗುಣ ಬಂದದ್ದಾದರೂ ಎಲ್ಲಿಂದ? ಉತ್ತರ ನಮ್ಮ ಸೊಪ್ಪಿನ ಬೆಟ್ಟದ ಮಣ್ಣಿನಲ್ಲೂ ಇದೆ. ಮೊದಲ ಮಳೆ ಬಿದ್ದಾಗ ದರಕಿನ ಅಡಿಯಿಂದ ಏಳುವ ಮಣ್ಣಿನ ವಾಸನೆ ಬಹುಮಟ್ಟಿಗೆ ಸ್ಟ್ರೆಪ್ಟೊಮೈಸಿಸ್ ಗುಂಪಿನ ಬ್ಯಾಕ್ಟೀರಿಯಾಗಳದ್ದು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು ಇದೇ ಗುಂಪಿನ ಜೀವಿಯಿಂದ. ಮಣ್ಣಿನಲ್ಲಿ ಇವು ತಯಾರಿಸುವ ಔಷಧ ಬಲು ಕಿರಿದು, ನೆರೆಯವರನ್ನು ಕೊಲ್ಲುವಷ್ಟು ಬಹಳ ಸಲ ಇರುವುದೇ ಇಲ್ಲ. ಹಾಗಾದರೆ ಅದು ಏತಕ್ಕೆ? ನೆರೆಹೊರೆಯ ಸುದ್ದಿ ಮುಟ್ಟಿಸುವ ಕೆಲಸ ಅದರದ್ದಾಗಿರಬಹುದು ಎಂದು ಕೆನಡಾದ ವಿಜ್ಞಾನಿ ಜೂಲಿಯನ್ ಡೇವಿಸ್ ಬಹುಕಾಲ ವಾದಿಸಿದರು. ಈ ವಾದ ನನಗೆ ಸರಿ ಕಾಣುತ್ತದೆ. ಸ್ವಲ್ಪ ಔಷಧ ಮೈಗೆ ತಗುಲಿತೆಂದರೆ ಹತ್ತಿರದಲ್ಲಿ ಯಾರೋ ಇದ್ದಾರೆ ಎಂದು ಅರ್ಥ. ಅಂಥ ಹೊತ್ತಿನಲ್ಲಿ ಒಟ್ಟಾಗಿ ಅಂಟಿ ಕೂತವು ಉಳಿದವು. ಕೋಟ್ಯಂತರ ವರ್ಷಗಳ ಈ ಅಭ್ಯಾಸವನ್ನೇ ನಮ್ಮ ಅರೆ ಮಾತ್ರೆ ಕೆಣಕುತ್ತಿದೆ.

ಈಗ ಕೊಟ್ಟಿಗೆಗೆ ಬರೋಣ. ಮಲೆನಾಡು ಗಿಡ್ಡ ಕಟ್ಟಿದ್ದ ಕೊಟ್ಟಿಗೆಗಳಲ್ಲಿ ಜರ್ಸಿ, ಎಚ್‌ಎಫ್ ಮಿಶ್ರತಳಿಗಳು ಬಂದ ಮೇಲೆ ಹಾಲು ಹೆಚ್ಚಾಯಿತು, ಕೆಚ್ಚಲು ಬಾವೂ ಹೆಚ್ಚಾಯಿತು. ಈ ಬೇನೆಯನ್ನು ತರುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದು ಕಪ್ಲಾನ್ ಪ್ರಯೋಗಿಸಿದ ಅದೇ ಸ್ಟೆಫಿಲೊಕಾಕಸ್ ಆರಿಯಸ್. ಮೊಲೆಯೊಳಗೆ ಏರಿಸುವ ಟ್ಯೂಬುಗಳಲ್ಲಿ ಬಹಳ ಸಲ ಇರುವುದು ಪೆನಿಸಿಲಿನ್ ಕುಲದ ಆಂಪಿಸಿಲಿನ್, ಕ್ಲಾಕ್ಸಾಸಿಲಿನ್. ಒಂದು ಟ್ಯೂಬು ಒಂದು ಮೊಲೆಗೆ, ಒಂದು ಹೊತ್ತಿಗೆ ಎಂದು ಅಳೆದು ತುಂಬಿದ್ದು. ಮೊದಲ ದಿನ ಹಾಕಿದರೆ ಮರುದಿನ ಬಾವು ಇಳಿಯುತ್ತದೆ, ಹಾಲಿನಲ್ಲಿ ಗರಣೆ ಕಡಿಮೆಯಾಗುತ್ತದೆ. ‘ಈಗ ಅಡ್ಡಿಲ್ಲ, ಸಾಕು’ ಎಂದು ನಿಲ್ಲಿಸುತ್ತೇವೆ. ಕೆಚ್ಚಲಿನ ಒಳಗಿನ ಸಣ್ಣ ನಾಳಗಳಲ್ಲಿ ಔಷಧ ಆಗ ಇಳಿಮುಖದಲ್ಲಿದೆ. ಹಾಲು ಕರೆದ ಹಾಗೆಲ್ಲ ಇನ್ನಷ್ಟು ತೆಳುವಾಗುತ್ತದೆ. ಮುಂದಿನ ಟ್ಯೂಬು ಬರದಿದ್ದರೆ ಕೊಲ್ಲದಷ್ಟು ಪ್ರಮಾಣದಲ್ಲಿ ಅದು ಗಂಟೆಗಟ್ಟಲೆ ಅಲ್ಲಿರುತ್ತದೆ, ಬದುಕಿ ಉಳಿದ ಸ್ಟೆಫಿಲೊಕಾಕಸ್ ಜೊತೆಯಲ್ಲಿಯೇ. ತಿಂಗಳಾದ ಮೇಲೆ ಅದೇ ಮೊಲೆಗೆ ಮತ್ತೆ ಬಾವು. ‘ಆ ಮದ್ದು ನಮ್ಮ ದನಕ್ಕೆ ತಾಗುವುದಿಲ್ಲ’ ಎಂದು ಇನ್ನೊಂದು ಮದ್ದಿಗೆ ಹೋಗುತ್ತೇವೆ. ನಾಲ್ಕನೆಯ ಸಲಕ್ಕೆ ಮೊಲೆ ಬತ್ತಿ ಗಟ್ಟಿಯಾಗುತ್ತದೆ, ಆಕಳು ಮಾರಾಟಕ್ಕೆ ಬರುತ್ತದೆ.

ಬಯೋಫಿಲ್ಮಿನ ಒಳಗಂತೂ ಪೂರ್ತಿ ಪ್ರಮಾಣ ಕೊಟ್ಟಾಗಲೂ ಬಹಳ ಸಲ ಔಷಧ ಒಂದೇ ಸಮ ಇರುವುದಿಲ್ಲ. ಹೊರಪದರದಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಿಮೆ. ಟೋಬ್ರಾಮೈಸಿನ್‌ನಂಥ ಔಷಧಗಳು ಅಂಟಿಗೇ ಅಂಟಿಕೊಂಡು ಅರ್ಧ ದಾರಿಯಲ್ಲಿ ನಿಲ್ಲುತ್ತವೆ. ಒಮ್ಮೆ ಬಯೋಫಿಲ್ಮ್ ಕಟ್ಟಿತೆಂದರೆ ಒಳಗಿನವುಗಳಿಗೆ ಸಿಗುವುದು ಬಹಳ ಸಲ ಕಿರು ಪ್ರಮಾಣವೇ. ಅದಕ್ಕೇ ಮೊದಲ ಸಲದ ಚಿಕಿತ್ಸೆ ಸರಿಯಾಗಿರಬೇಕು ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಮದ್ದು ಹಾಕಿದ ಆಕಳಿನ ಹಾಲನ್ನು, ಡಬ್ಬದ ಮೇಲೆ ನಮೂದಿಸಿದ ದಿನ ಮುಗಿಯುವವರೆಗೆ, ಡೇರಿಗೆ ಕೊಡಬಾರದೆಂದು ನಮ್ಮ ಜನರಿಗೆ ಗೊತ್ತಿದೆ, ಬಹಳ ಮಂದಿ ಪಾಲಿಸುತ್ತಾರೆ. ಆದರೆ ಚೆಲ್ಲಲು ಮನಸ್ಸು ಬಾರದೆ ಕರುವಿಗೆ ಕುಡಿಸುತ್ತಾರೆ. ಕರುವಿನ ಎಳೆಯ ಕರುಳಿಗೆ ದಿನವೂ ಕಿರು ಪ್ರಮಾಣದ ಔಷಧ ಹೋದಂತಾಯಿತು. ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಟ್ಟ ದನದ ಸಗಣಿ, ಗಂಜಲದಲ್ಲಿ ಔಷಧದ ಬಹುಪಾಲು ಹಾಗೆಯೇ ಹೊರಬೀಳುತ್ತದೆ. ಅದು ಗೊಬ್ಬರಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ, ಮಳೆಗಾಲದಲ್ಲಿ ತೋಟದ ಕಾಲುವೆಗೆ. ತೀರ ತೆಳುವಾದ ಈ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ ಎನ್ನಲು ಆಧಾರವಿದೆ. ಸ್ವೀಡನ್ನಿನ ಉಪ್ಸಲಾದ ಡಾನ್ ಆಂಡರ್ಸನ್ ಅವರ ತಂಡ 2011ರಲ್ಲಿ ತೋರಿಸಿದಂತೆ, ತಡೆ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ ಇದ್ದಾಗಲೂ ಔಷಧ ನಿರೋಧಕ ಬ್ಯಾಕ್ಟೀರಿಯಾಗಳು ಉಳಿದವನ್ನು ಹಿಂದಿಕ್ಕಿ ಬೆಳೆಯಬಲ್ಲವು.

ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣದ ಲೇಪನವಿದೆ. ತಮಿಳುನಾಡಿನ ಪಶುವೈದ್ಯ ಪ್ರೊಫೆಸರ್ ಪುಣ್ಯಮೂರ್ತಿ ಅವರು ರೂಪಿಸಿ, ಬೆಂಗಳೂರಿನ ಟಿಡಿಯು ಸಂಸ್ಥೆ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಬ್ಬಿಸಿದ ಕ್ರಮ ಇದು. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು, ಸ್ವಲ್ಪ ಸ್ವಲ್ಪವೇ ನೀರು ಕೂಡಿಸಿ, ಹಾಲು ಹಿಂಡಿ ತೆಗೆದ ಕೆಚ್ಚಲಿಗೆ ದಿನಕ್ಕೆ ಹಲವು ಸಲ ಹಚ್ಚಬೇಕು. ಬಾವು ಶುರುವಾಗುವಾಗಲೇ ಹಚ್ಚಿ ಆ್ಯಂಟಿಬಯೋಟಿಕ್ ಇಲ್ಲದೆ ನಿಭಾಯಿಸಿದರೆ ಸಂತೋಷ. ಆಕಳಿಗೆ ಜ್ವರ ಬಂದು ಮೇವು ಬಿಟ್ಟಿದ್ದರೆ ಪಶುವೈದ್ಯರೇ ಬರಬೇಕು, ಬಂದರೆ ಅವರು ಹೇಳಿದಷ್ಟೂ ಟ್ಯೂಬು ಹಾಕಬೇಕು. ಲೇಪನವೂ ಅಷ್ಟಿಷ್ಟು, ಟ್ಯೂಬೂ ಅಷ್ಟಿಷ್ಟು ಎಂಬುದು ಎಲ್ಲಕ್ಕಿಂತ ಕೆಟ್ಟ ದಾರಿ.

ಶುಂಠಿಯ ವಿಷಯ. ಬನವಾಸಿ ಸೀಮೆಯಿಂದ ಹಿಡಿದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಗದ್ದೆ, ಬ್ಯಾಣಗಳಲ್ಲಿ ಶುಂಠಿ ಹಾಕುವವರಿಗೆ ದುಂಡಾಣು ಸೊರಗು ರೋಗ ಗೊತ್ತು. ಹಸಿರಿದ್ದ ಎಲೆ ಹಾಗೆಯೇ ಸುರುಳಿ ಸುತ್ತುತ್ತದೆ, ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದರೆ ಹಾಲಿನ ಎಳೆಯಂಥದ್ದು ಇಳಿಯುತ್ತದೆ. ಆ ಎಳೆ ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾಗಳು ಮತ್ತು ಅವು ಸ್ರವಿಸಿದ ಅಂಟು. ಗಿಡದ ನೀರಿನ ಕೊಳವೆಗಳನ್ನು ಈ ಅಂಟು ಕಟ್ಟಿಹಾಕುವುದರಿಂದಲೇ ಗಿಡ ಸೊರಗುವುದು. ಬಿತ್ತನೆ ಗೆಡ್ಡೆಯನ್ನು 200 ಪಿಪಿಎಂ ಸ್ಟ್ರೆಪ್ಟೊಸೈಕ್ಲಿನ್ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಬೇಕೆಂಬ ಶಿಫಾರಸು ಕೈಪಿಡಿಗಳಲ್ಲಿತ್ತು. ಅದು ಗೆಡ್ಡೆಯ ಮೇಲ್ಮೈಗೆ. ರೋಗ ಬಂದ ಮಡಿಗೆ ಅದೇ ಪುಡಿಯನ್ನು ಕೊಡಗಟ್ಟಲೆ ನೀರಿನಲ್ಲಿ ಕಲಸಿ ಹೊಯ್ದರೆ ಅದರಲ್ಲಿರುವ ಸ್ಟ್ರೆಪ್ಟೊಮೈಸಿನ್ ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ಉಳಿದದ್ದನ್ನು ನಮ್ಮ ಜುಲೈ ಮಳೆ ತೆಳುವಾಗಿಸುತ್ತದೆ. ಕೊಳವೆಯೊಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಸಿಗುವುದು ಕೊಲ್ಲದಷ್ಟು ಮಾತ್ರ. ಕ್ಷಯರೋಗಕ್ಕೆ ಮನುಷ್ಯರಿಗೆ ಕೊಡುವ ಔಷಧವನ್ನು ಹೀಗೆ ಮಣ್ಣಿಗೆ ಸುರಿಯುವುದು ನನಗೆ ನೋವಿನ ಸಂಗತಿ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕರಡು ಆದೇಶದಲ್ಲಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ಗಳ ಬಳಕೆ ಬೆಳೆಗಳಲ್ಲಿ 2024ರ ಜನವರಿ 1ರಿಂದ ನಿಲ್ಲಬೇಕೆಂದಿತ್ತು. ಆದೇಶ ಏನೇ ಇರಲಿ, ರೋಗವಿಲ್ಲದ ಗೆಡ್ಡೆ, ಒಮ್ಮೆ ಶುಂಠಿ ಹಾಕಿದ ಜಾಗಕ್ಕೆ ಕೆಲವು ವರ್ಷ ಭತ್ತ, ನೀರು ಬಸಿದುಹೋಗುವ ಮಡಿ, ಬಿಸಿಲಿಗೆ ಪ್ಲಾಸ್ಟಿಕ್ ಹೊದಿಸಿ ಮಣ್ಣು ಕಾಯಿಸುವುದು, ಇವು ಪೊಟ್ಟಣಕ್ಕಿಂತ ನಂಬಿಕೆಗೆ ಅರ್ಹ. ಬೇರಿನ ಸುತ್ತ ತನ್ನದೇ ಬಯೋಫಿಲ್ಮ್ ಕಟ್ಟಿ ರಾಲ್‌ಸ್ಟೋನಿಯಾವನ್ನು ದೂರವಿಡುವ ಬ್ಯಾಸಿಲಸ್ ಜಾತಿಗಳೂ ಇವೆ. ಬಯೋಫಿಲ್ಮ್ ಎಲ್ಲವೂ ಶತ್ರುವಲ್ಲ.

ಮನುಷ್ಯರ ಮಾತು ಕೊನೆಗೆ. ಬೇಸಿಗೆಯಲ್ಲಿ ಸಿದ್ದಾಪುರದ ಕಾಡಂಚಿನಲ್ಲಿ ಜ್ವರವೆಂದರೆ ಮಂಗನಕಾಯಿಲೆಯ ಭಯ. ಅದು ವೈರಸ್, ಯಾವ ಆ್ಯಂಟಿಬಯೋಟಿಕ್ಕೂ ಅದಕ್ಕೆ ತಾಗದು. ಮಳೆಗಾಲದಲ್ಲಿ ಗದ್ದೆ ಕೆಲಸದವರ ಜ್ವರ ಇಲಿಜ್ವರವಾಗಿರಬಹುದು, ಅದು ಬ್ಯಾಕ್ಟೀರಿಯಾ, ಅದಕ್ಕೆ ಡಾಕ್ಸಿಸೈಕ್ಲಿನ್ ಪೂರ್ತಿ ಪ್ರಮಾಣದಲ್ಲಿ ಬೇಗ ಬೇಕು. ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ, ಮೈಕೈ ನೋವು, ತಲೆನೋವು, ಕೆಂಗಣ್ಣು. ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿದವರು ಒಂದರಲ್ಲಿ ವ್ಯರ್ಥ ಮಾಡಿದರು, ಇನ್ನೊಂದರಲ್ಲಿ ಅರೆ ಕೆಲಸ ಮಾಡಿದರು.

ಇಲ್ಲಿ ಪ್ರಮಾಣ ಬೇರೆ, ಅವಧಿ ಬೇರೆ ಎಂಬುದನ್ನು ಬಿಡಿಸಿ ನೋಡಬೇಕು. ಹಿಂದೆ ಹತ್ತು ದಿನ ಕೊಡುತ್ತಿದ್ದ ಔಷಧವನ್ನು ಈಗ ಕೆಲವು ಸೋಂಕುಗಳಿಗೆ ಐದೇ ದಿನ ಕೊಡುತ್ತಾರೆ, ಅಷ್ಟು ಸಾಕೆಂದು ಅಧ್ಯಯನಗಳು ಹೇಳಿವೆ. 2017ರಲ್ಲಿ ಬ್ರಿಟನ್ನಿನ ವೈದ್ಯರು ಇದನ್ನೇ ಎತ್ತಿ ಹೇಳಿದಾಗ ದೊಡ್ಡ ಚರ್ಚೆಯಾಯಿತು. ಅದನ್ನು ಕೇಳಿ ನಮ್ಮವರು ಮಾತ್ರೆ ಮುರಿಯಬಾರದು. ಅಲ್ಲಿ ಕಡಿಮೆ ಮಾಡಿದ್ದು ದಿನಗಳನ್ನು, ಪ್ರತಿ ಹೊತ್ತಿನ ಪ್ರಮಾಣ ಪೂರ್ತಿಯೇ ಇತ್ತು. ಎಷ್ಟು ದಿನ ಎಂಬುದು ಕಾಯಿಲೆ ನೋಡಿ ವೈದ್ಯರು ನಿರ್ಧರಿಸುವ ವಿಷಯ. ದಿನಕ್ಕೆ ಮೂರು ಸಲ ಎಂದದ್ದನ್ನು ಒಂದೇ ಸಲಕ್ಕೆ ಇಳಿಸಿ, ಅರ್ಧ ಸ್ಟ್ರಿಪ್ಪನ್ನು ಮುಂದಿನ ಜ್ವರಕ್ಕೆಂದು ಗೂಡಿನಲ್ಲಿಡುವವರ ರಕ್ತದಲ್ಲಿ ಔಷಧ ದಿನದ ಬಹುಭಾಗ ಕೊಲ್ಲದಷ್ಟೇ ಇರುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಸ್ವೀಕರಿಸುತ್ತ ಎಚ್ಚರಿಸಿದ್ದು ಇದರ ಬಗ್ಗೆಯೇ, ಸಾಲದ ಪ್ರಮಾಣದಿಂದ ಬ್ಯಾಕ್ಟೀರಿಯಾಗಳಿಗೆ ಔಷಧದ ರೂಢಿಯಾಗುತ್ತದೆ ಎಂದು.

ಹುಬ್ಬಳ್ಳಿ, ಮಣಿಪಾಲಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ ಮೂತ್ರದ ಪೈಪಿನೊಂದಿಗೆ ಊರಿಗೆ ಬರುವ ಹಿರಿಯರು ನಮ್ಮಲ್ಲಿ ಹಲವರು. ಪೈಪಿನ ಒಳಮೈಗೆ ಬ್ಯಾಕ್ಟೀರಿಯಾ ಅಂಟಲು ಬಹಳ ಹೊತ್ತು ಬೇಡ. ಪೈಪು ಇದ್ದ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಸುವ ಸಾಧ್ಯತೆ ಶೇಕಡಾ 3ರಿಂದ 7ರಷ್ಟು ಏರುತ್ತದೆ. ಹಾಗೆ ನೆಲೆಸಿದ ಮಾತ್ರಕ್ಕೆ ಚಿಕಿತ್ಸೆ ಬೇಕೆಂದಿಲ್ಲ. ಜ್ವರ, ಚಳಿ, ನೋವು ಇಲ್ಲದೆ ಬರೀ ಮೂತ್ರ ಕದಡಿದೆ ಎಂದು ಮನೆಯವರೇ ಹಳೆಯ ಚೀಟಿಯ ಮಾತ್ರೆ ಒಂದೊಂದು ಕೊಡುತ್ತ ಹೋದರೆ ಪೈಪಿನ ಗೋಡೆಯ ಮೇಲೆ ಹಾಫ್‌ಮನ್ನರ ನಳಿಕೆಯಲ್ಲಿ ನಡೆದದ್ದು ನಡೆಯಲು ಎಡೆಮಾಡಿದಂತೆ. ಮನೆಯವರು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಪೈಪನ್ನು ಯಾವ ದಿನ ತೆಗೆಯಬಹುದು ಎಂಬುದು.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ ಇದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ, ಪದವಿ ಕಾಲೇಜುಗಳಿವೆ. ಬಯೋಫಿಲ್ಮ್ ಅಳೆಯಲು ಕೋಟಿ ರೂಪಾಯಿಯ ಯಂತ್ರ ಬೇಡ. ಅಧ್ಯಾಪಕರ ಕಣ್ಣೆದುರಿನಲ್ಲಿ, ರೋಗ ತರದ ಬ್ಯಾಸಿಲಸ್ ತಳಿಯನ್ನು ಗಾಜಿನ ನಳಿಕೆಗಳಲ್ಲಿ ಪೋಷಕ ದ್ರವದೊಂದಿಗೆ ಇಡಿ. ಒಂದರಲ್ಲಿ ಔಷಧವಿಲ್ಲ, ಉಳಿದವುಗಳಲ್ಲಿ ತಡೆ ಪ್ರಮಾಣದ ಅರ್ಧ, ಕಾಲು, ಎಂಟನೆಯ ಒಂದು, ಹದಿನಾರನೆಯ ಒಂದು ಭಾಗ. ಒಂದೆರಡು ದಿನ ಕಳೆದ ಮೇಲೆ ದ್ರವವನ್ನು ಕ್ರಿಮಿನಾಶಕಕ್ಕೆ ಚೆಲ್ಲಿ, ನಳಿಕೆಯನ್ನು ಮೆಲ್ಲಗೆ ತೊಳೆದು, ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಗೋಡೆಗೆ ಅಂಟಿದ ಬಯೋಫಿಲ್ಮ್ ನೇರಳೆ ಉಂಗುರವಾಗಿ ಉಳಿಯುತ್ತದೆ. ಆ ಬಣ್ಣವನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ನಿಮ್ಮ ಪ್ರಯೋಗಾಲಯದಲ್ಲಿರುವ ಕಲರಿಮೀಟರಿನಲ್ಲಿ ಅಳೆದು, ಪ್ರತಿ ಪ್ರಮಾಣಕ್ಕೂ ಮೂರು ಮೂರು ನಳಿಕೆ ಇಟ್ಟು ಸರಾಸರಿ ತೆಗೆಯಿರಿ. ಯಾವ ಪ್ರಮಾಣದಲ್ಲಿ ಉಂಗುರ ಔಷಧವಿಲ್ಲದ ನಳಿಕೆಗಿಂತ ಗಾಢವಾಯಿತು, ಯಾವ ಔಷಧದಲ್ಲಿ ಮಸುಕಾಯಿತು ಎಂದು ಬರೆದಿಡಿ. ನಮ್ಮ ಕೊಟ್ಟಿಗೆಗಳ ಕೆಚ್ಚಲು ಬಾವಿನ ಹಾಲಿನಿಂದ ತೆಗೆದ ತಳಿಗಳನ್ನು ಹೀಗೆ ಪರೀಕ್ಷಿಸುವ ಕೆಲಸಕ್ಕೆ ಪಶುವೈದ್ಯರ ನೆರವೂ, ಸುರಕ್ಷಿತ ಪ್ರಯೋಗಾಲಯವೂ ಬೇಕು. ಅದನ್ನು ಕೈಗೆತ್ತಿಕೊಳ್ಳುವವರು ಮುಂದೆ ಬಂದರೆ ಮೂರೂ ತಾಲೂಕಿನ ಹೈನುಗಾರರು ಹಾಲಿನ ಮಾದರಿ ಕೊಡಲು ಹಿಂಜರಿಯಬಾರದೆಂದು ಕೇಳಿಕೊಳ್ಳುತ್ತೇನೆ.